ಕನಕಗಿರಿ ಸೀಮೆಯ ದನದ ಬೇನೆಗಳೂ ಕಾಡುಮೃಗಗಳೂ

ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕೆಂಬ ಗಾದೆಯಿಂದ ನಾಡಿಗೆಲ್ಲ ಪರಿಚಿತವಾದ ಈ ಊರಿನ ಚರಿತ್ರೆಯನ್ನು ಬರೆಯುವವರು ಕನಕಾಚಲಪತಿಯ ಗುಡಿಯನ್ನೂ ನಾಯಕರ ಆಳಿಕೆಯನ್ನೂ ವಿಸ್ತಾರವಾಗಿ ವರ್ಣಿಸುವರು. ರೈತನ ದನದ ಕೊಟ್ಟಿಗೆಯ ಕಡೆಗೆ ದೃಷ್ಟಿ ಹಾಯಿಸುವವರು ವಿರಳ. ಆದರೆ ಕೃಷ್ಣಾ ತುಂಗಭದ್ರೆಗಳ ನಡುನಾಡಿನ ಅತಿ ಪ್ರಾಚೀನವಾದ ಕುರುಹುಗಳಲ್ಲಿ ದನದ ದೊಡ್ಡಿಗಳೂ ಸೇರಿವೆ. ಇಲ್ಲಿಯ ಬೂದಿದಿಬ್ಬಗಳು ನೂತನ ಶಿಲಾಯುಗದವರು ಸುಟ್ಟ ಸೆಗಣಿಯ ರಾಶಿಗಳೆಂಬುದನ್ನು ಆಲ್ಚಿನ್ ಪಂಡಿತರು 1963ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿ, ಅವನ್ನು ಈಗಲೂ ನಡೆಯುವ ಬೆಂಕಿಯ ಹಬ್ಬಗಳೊಡನೆ ಹೋಲಿಸಿದರು.

ಅಶೋಕನು ಪಶುಚಿಕಿತ್ಸೆಯನ್ನು ಏರ್ಪಡಿಸಿದನೆಂದು ಹೇಳುವಾಗ ಕೆಲವರು ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಶಾಸನಗಳನ್ನು ಸಾಕ್ಷಿಗೆ ಕರೆಯುವುದುಂಟು. ಇದು ಸರಿಯಲ್ಲ. ಅವು ಕಿರುಶಾಸನಗಳು, ಪಶುಚಿಕಿತ್ಸೆಯ ಮಾತು ಬರುವುದು ಎರ್ರಗುಡಿಯೇ ಮೊದಲಾದೆಡೆಗಳಲ್ಲಿರುವ ಎರಡನೆಯ ಹೆಬ್ಬಂಡೆ ಶಾಸನದಲ್ಲಿ. ಕನ್ನಡದಲ್ಲಿ ಈ ವಿಷಯಕ್ಕೆ ಮೊದಲ ಗ್ರಂಥವೆನಿಸಿದುದು ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನ ‘ಗೋವೈದ್ಯ’. ಅದರಲ್ಲಿ ಮದ್ದಿನೊಡನೆ ಮಂತ್ರವೂ ಬೆರೆತಿರುವುದು. ಇದಕ್ಕಾಗಿ ಗ್ರಂಥಕಾರನನ್ನು ಹಳಿಯುವುದು ಉಚಿತವಲ್ಲ. ದೊಡ್ಡರೋಗಕ್ಕೆ ಮದ್ದೆಂಬುದು ಎಲ್ಲಿಯೂ ಇರಲಿಲ್ಲ.

ರೈತರಿಟ್ಟ ಹೆಸರುಗಳನ್ನು ಪರಿಶೀಲಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಕಾಲುಬಾಯಿ ಬೇನೆ, ಗಂಟಲುಬೇನೆ, ಚಪ್ಪೆರೋಗ ಇವೆಲ್ಲ ಬೇನೆ ತಗುಲುವ ಅಂಗವನ್ನು ಹಿಡಿದು ಹುಟ್ಟಿದವು. ಕಾಡುಮೃಗವನ್ನು ದೂರುವ ಹೆಸರು ಇವುಗಳಲ್ಲಿಲ್ಲ. ಹುಚ್ಚುನರಿಯ ಕಡಿತವೊಂದರಲ್ಲಿ ಮಾತ್ರ ಮೃಗವೇ ಅಪರಾಧಿ. ಇಂಗ್ಲೆಂಡಿನಲ್ಲಿ 1971ರಲ್ಲಿ ಗ್ಲಾಸ್ಟರ್‌ಷೈರಿನ ಸತ್ತ ಬ್ಯಾಡ್ಜರೊಂದರಲ್ಲಿ ದನದ ಕ್ಷಯ ಕಾಣಿಸಿದ ಮೇಲೆ, ಬಿಲವಾಸಿಯಾದ ಆ ಮೃಗದ ಮೇಲೆ ರೈತರ ಕಣ್ಣು ಬಿದ್ದಿತು. ಅದರ ದೂರದ ಬಂಧುವೆನ್ನಬಹುದಾದ ನಮ್ಮ ತರಕರಡಿಗೆ ಅಂತಹ ಅಪವಾದವೇನೂ ಬಂದಿಲ್ಲ.

ನಮ್ಮ ನಾಡಿನಲ್ಲಿ ರೋಗವು ನಡೆದ ದಾರಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು. ದೊಡ್ಡರೋಗದ ವಿಷವು ರೋಗಿ ಪಶುವಿನ ಉಸಿರು, ಜೊಲ್ಲು, ಸೆಗಣಿಗಳ ಮೂಲಕ ಹತ್ತಿರದ ಪಶುವಿಗೆ ಹಬ್ಬುವುದು. ಮೇವಿನ ನೆಲವೂ ನೀರಿನ ತಾಣವೂ ಒಂದೇ ಆದಲ್ಲಿ ಊರ ಹಿಂಡಿನಿಂದ ಕಾಡಿನ ಹಿಂಡಿಗೂ ದಾಟುವುದು. 1968ರಲ್ಲಿ ಬಂಡೀಪುರ, ಮುದುಮಲೆಗಳ ಕಾಟಿಗಳು ಈ ರೋಗದಿಂದ ಗುಂಪುಗುಂಪಾಗಿ ಅಳಿದವು. ಕಾಟಿಯಿಲ್ಲದ ಬಯಲುಸೀಮೆಯಲ್ಲಿ ದನಗಳೊಡನೆ ಒಂದೇ ಬಯಲಿನಲ್ಲಿ ಮೇಯುವ ಗೊರಸಿನ ಮೃಗವೆಂದರೆ ಚಿಗರಿ.

ರೈತನು ಅಜ್ಞಾನಿಯಾಗಿದ್ದನೆ? ಮಾರಿಯನ್ನು ಗಡಿ ದಾಟಿಸುವುದು, ಊರಿಗೆ ಸೀಮೆ ಕಟ್ಟುವುದು, ಅನ್ಯರ ದನಗಳನ್ನು ಒಳಗೆ ಬಿಡದಿರುವುದು ಇವುಗಳಲ್ಲಿ ರೋಗವು ನಡೆದು ಬರುವುದೆಂಬ ತಿಳಿವಳಿಕೆ ಸ್ಪಷ್ಟವಾಗಿದೆ. ಕೊನೆಯದಂತೂ ವೈದ್ಯಶಾಸ್ತ್ರವು ಒಪ್ಪುವ ಕ್ರಮವೇ. ಆದರೆ ಗಡಿಯಾಚೆಗೆ ಸಾಗಿಸಿದ ಮಾರಿಯು ನೆರೆಯೂರಿನ ಪಾಲಾಗುವಳೆಂಬುದನ್ನು ಮರೆಯಲಾಗದು. ಒಂದೂರಿನ ರಕ್ಷಣೆ ಇನ್ನೊಂದೂರಿನ ಭಯ.

ಊರೂರಿನ ಗಡಿಗಳನ್ನು ಮೀರಿದ ಏರ್ಪಾಡು ಬಹಳ ತಡವಾಗಿ ಬಂದಿತು. 1871ರಲ್ಲಿ ಸರ್ಕಾರದ ಗೋಮಾರಿ ವಿಚಾರಣಾ ಮಂಡಲಿಯು ವರದಿಯೊಪ್ಪಿಸಿತು. 1889ರಲ್ಲಿ ಪುಣೆಯಲ್ಲಿ ಪ್ರಯೋಗಶಾಲೆ ತೆರೆಯಿತು. ಆಗ ಕನಕಗಿರಿಯು ನಿಜಾಮರ ಸೀಮೆಗೆ ಸೇರಿದ್ದಿತು. ದೇಶವ್ಯಾಪಿಯಾದ ಚುಚ್ಚುಮದ್ದಿನ ಯೋಜನೆ ಆರಂಭವಾದುದು 1954ರಲ್ಲಿ. ಎರಡು ವರ್ಷಗಳ ತರುವಾಯ ಈ ಸೀಮೆಯು ಮೈಸೂರು ರಾಜ್ಯವನ್ನು ಕೂಡಿಕೊಂಡಿತು. ಭಾರತದಲ್ಲಿ ದೊಡ್ಡರೋಗವು ಕಡೆಯದಾಗಿ ಕಂಡುದು 1995ರಲ್ಲಿ. 2011ರಲ್ಲಿ ಅದು ಭೂಮಂಡಲದಿಂದಲೇ ತೊಲಗಿತೆಂದು ಸಾರಲಾಯಿತು. ದನಗಳಿಗೆ ಹಾಕಿದ ಮದ್ದು ಕಾಟಿಗಳನ್ನೂ ಉಳಿಸಿತು.

ನೆರಡಿ ರೋಗದ ಮಾತು ಬೇರೆ. ಸತ್ತ ದನವನ್ನು ಕೊಯ್ದರೆ, ಇಲ್ಲವೆ ನಾಯಿನರಿಗಳು ಸೀಳಿದರೆ, ಅದರ ಬೀಜಾಣುಗಳು ಗಾಳಿ ತಾಗಿ ಗಟ್ಟಿಗೊಂಡು ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರುತ್ತವೆ. ಆದುದರಿಂದ ಇಂತಹ ಹೆಣದ ಚರ್ಮ ಸುಲಿಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕೆಂಬ ವಿಧಿಯಿದೆ. ಚರ್ಮದ ಬೆಲೆಯನ್ನು ಬಿಡಲಾರದ ಬಡವನಿಗೆ ಅದು ಎಂದೂ ಸುಲಭವಾದುದಲ್ಲ.