ಎರಡನೆಯವರಿಗೆ ಬಾಗಿಲು

1974ರ ಮಾರ್ಚ್ ತಿಂಗಳಲ್ಲಿ ಭೂಮಿಯ ಎರಡು ಕಡೆ, ಒಂದರ ಸುದ್ದಿ ಇನ್ನೊಂದಕ್ಕೆ ಇಲ್ಲದಂತೆ, ಎರಡು ದೊಡ್ಡ ಯಜಮಾನಿಕೆಗಳು ಮುರಿದವು. ಬೆಂಗಳೂರಿನಲ್ಲಿ ಕರ್ನಾಟಕ ತಂಡ ರಣಜಿ ಟ್ರೋಫಿಯ ಸೆಮಿಫೈನಲ್‌ನಲ್ಲಿ ಬಾಂಬೆಯನ್ನು ಹೊರಗೆ ಕಳಿಸಿತು. 1958-59ರಿಂದ ಸತತ 15 ವರ್ಷ ಆ ಟ್ರೋಫಿ ಬಾಂಬೆ ಬಿಟ್ಟು ಕದಲಿರಲಿಲ್ಲ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಗ್ರೀನ್ಸ್‌ಬರೋ ಊರಿನಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ಯುಸಿಎಲ್‌ಎ ತಂಡವನ್ನು ಸೋಲಿಸಿತು. 1967ರಿಂದ 1973ರವರೆಗೆ ಸತತ ಏಳು ಸಲ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ತಂಡ ಅದು. ಅದೂ ಸೆಮಿಫೈನಲ್ಲೇ. ಎರಡೂ ಕಡೆ ಗೆದ್ದವರು ತವರಿನ ಜನರ ಮುಂದೆ ಗೆದ್ದರು, ಎರಡೂ ಕಡೆ ಆಮೇಲಿನ ಫೈನಲ್ ಒಂದು ಶಾಸ್ತ್ರದಂತೆ ಮುಗಿಯಿತು.

ಈ ಹೋಲಿಕೆ ಬರೀ ಕಾಕತಾಳೀಯ. ಅದರಿಂದ ಯಾವ ಸಿದ್ಧಾಂತವನ್ನೂ ಹಿಂಡಲು ನಾನು ಹೊರಟಿಲ್ಲ. ನನ್ನ ಕುತೂಹಲ ಇರುವುದು ಈ ಎರಡು ತಂಡಗಳು ಸೆಮಿಫೈನಲ್‌ವರೆಗೆ ಹೇಗೆ ಬಂದವು, ಯಾರನ್ನು ಹೊರಗೆ ನಿಲ್ಲಿಸಿ ಬಂದವು ಎಂಬುದರಲ್ಲಿ. ಗೆದ್ದವರ ಕಥೆ ಎಲ್ಲರೂ ಬರೆಯುತ್ತಾರೆ. ಸೀಸನ್ ಮುಗಿಯುವ ಹೊತ್ತಿಗೆ ಪಟ್ಟಿಯಲ್ಲಿ ಎರಡನೇ ಜಾಗದಲ್ಲಿದ್ದವರು ಎಲ್ಲಿ ಹೋದರು?

ಮೊದಲು ಆ ಪಟ್ಟಿಯ ಬಗ್ಗೆ ಎರಡು ಮಾತು. ಅಂಕಪಟ್ಟಿ ಅಂದರೆ ನಮ್ಮ ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವುದು ಮಾರ್ಕ್ಸ್ ಕಾರ್ಡು. ಆಟದ ಅಂಕಪಟ್ಟಿಯ ಸ್ವಭಾವ ಬೇರೆ. ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಅಂಕ ನನ್ನದು. ಪಕ್ಕದವನು ನಪಾಸಾದರೆ ನನಗೇನೂ ಲಾಭವಿಲ್ಲ. ಲೀಗಿನ ಪಟ್ಟಿಯಲ್ಲಿ ಹಾಗಲ್ಲ. ನನ್ನ ಜೊತೆ ಎಂ.ಎ. ಓದಿ ಈಗ ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿರುವ ಗೆಳೆಯನೊಬ್ಬ ಫೆಬ್ರವರಿ ಕೊನೆಗೆ ಫೋನ್ ಮಾಡಿದರೆ ಬರೀ ಇದೇ ಲೆಕ್ಕ: “ನಾವು ಗೆದ್ದರ ಸಾಕಾಗಂಗಿಲ್ಲೋ, ಅವರೂ ಸೋಲಬೇಕು.” ಧಾರವಾಡದಲ್ಲಿದ್ದಾಗ ಒಂದು ದಿನವೂ ಬ್ಯಾಸ್ಕೆಟ್‌ಬಾಲ್ ಮುಟ್ಟದ ಮನುಷ್ಯ ಅವನು.

ಅವನು ಹೇಳುವ ‘ಕಾನ್ಫರೆನ್ಸ್’ ನಮ್ಮ ವಿಚಾರಸಂಕಿರಣವಲ್ಲ. ಸುತ್ತಮುತ್ತಲಿನ ಏಳೆಂಟು ಅಥವಾ ಹತ್ತು ಹನ್ನೆರಡು ವಿಶ್ವವಿದ್ಯಾಲಯಗಳು ಸೇರಿ ಮಾಡಿಕೊಂಡ ಕೂಟ. ನಮ್ಮಲ್ಲಿ ಅಂತರಕಾಲೇಜು ಪಂದ್ಯಾವಳಿ ಎಂದರೆ ಒಂದು ಕಾಲೇಜಿನ ಮೈದಾನದಲ್ಲಿ ಪೆಂಡಾಲ್ ಹಾಕಿ ಎರಡು ಮೂರು ದಿನದಲ್ಲಿ ಮುಗಿಸುವ ವಹಿವಾಟು. ಬೆಳಿಗ್ಗೆ ಸೋತ ತಂಡ ಮಧ್ಯಾಹ್ನದ ಬಸ್ ಹಿಡಿಯುತ್ತದೆ. ಅಲ್ಲಿ ಚಳಿಗಾಲ ಪೂರ್ತಿ, ವಾರಕ್ಕೆ ಒಂದೆರಡರಂತೆ, ಒಮ್ಮೆ ನಮ್ಮ ಅಂಗಳದಲ್ಲಿ, ಒಮ್ಮೆ ಅವರ ಅಂಗಳದಲ್ಲಿ ಆಟ ನಡೆಯುತ್ತದೆ. ಮಾರ್ಚ್ ಬರುವ ಹೊತ್ತಿಗೆ ಪಟ್ಟಿ ಗಟ್ಟಿಯಾಗುತ್ತದೆ. ಇಬ್ಬರು ಸಮವಾದರೆ ಅವರವರ ನಡುವೆ ಯಾರು ಗೆದ್ದಿದ್ದರು ಎಂದು ನೋಡುತ್ತಾರೆ. ಅಲ್ಲೂ ಸಮವಾದರೆ ಸಾಮಾನ್ಯವಾಗಿ ಪಟ್ಟಿಯ ಮೇಲಿನ ತಂಡದ ಎದುರು ಯಾರ ಸಾಧನೆ ಹೆಚ್ಚು ಎಂದು ನೋಡುತ್ತಾರೆ. ಡಿಸೆಂಬರಿನಲ್ಲೋ ಜನವರಿಯಲ್ಲೋ ಯಾರೂ ಗಮನಿಸದ ಒಂದು ಸೋಲು ಮಾರ್ಚ್‌ನಲ್ಲಿ ಎದ್ದು ಬಂದು ಕೊರಳು ಹಿಡಿಯುತ್ತದೆ.

1953ರಲ್ಲಿ ಹುಟ್ಟಿದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಇಂಥ ಕೂಟಗಳಲ್ಲಿ ಜಗಳಗಂಟ ಕೂಟ. ಅದರ ಮೂರು ವಿಶ್ವವಿದ್ಯಾಲಯಗಳು ರಾಲಿ, ಡರ್ಹಮ್, ಚಾಪೆಲ್ ಹಿಲ್ ಎಂಬ ಅಕ್ಕಪಕ್ಕದ ಊರುಗಳಲ್ಲಿವೆ. ಡರ್ಹಮ್ ಮತ್ತು ಚಾಪೆಲ್ ಹಿಲ್ ನಡುವಿನ ದೂರ ನಮ್ಮ ಹುಬ್ಬಳ್ಳಿ-ಧಾರವಾಡದ 20 ಕಿಲೋಮೀಟರಿಗಿಂತಲೂ ಕಡಿಮೆ. ಪಕ್ಕದ ಊರಿನವರ ಎದುರು ಸೋಲುವುದೆಂದರೆ ಏನೆಂದು ಹುಬ್ಬಳ್ಳಿ-ಧಾರವಾಡದವರಿಗೆ ಬಿಡಿಸಿ ಹೇಳಬೇಕಿಲ್ಲ.

1973-74ರಲ್ಲಿ ಈ ಕೂಟದಲ್ಲಿ ಏಳು ತಂಡಗಳಿದ್ದವು, ತಲಾ 12 ಲೀಗ್ ಪಂದ್ಯ. ನಾರ್ತ್ ಕೆರೊಲಿನಾ ಸ್ಟೇಟ್ ಹನ್ನೆರಡನ್ನೂ ಗೆದ್ದಿತು. ಮೇರಿಲ್ಯಾಂಡ್ ಒಂಬತ್ತು ಗೆದ್ದು ಮೂರು ಸೋತಿತು. ಆದರೆ ಈ ಪಟ್ಟಿಗೆ ಬೆಲೆ ಇರಲಿಲ್ಲ! ರಾಷ್ಟ್ರೀಯ ಪಂದ್ಯಾವಳಿಗೆ ಒಂದು ಕಾನ್ಫರೆನ್ಸಿನಿಂದ ಒಂದೇ ತಂಡ. ಆ ಒಂದು ತಂಡವನ್ನು ಈ ಕೂಟ ಆರಿಸುತ್ತಿದ್ದದ್ದು ಎರಡು ತಿಂಗಳ ಲೀಗಿನಿಂದಲ್ಲ, ಕೊನೆಯ ಮೂರು ದಿನದ ನಾಕೌಟ್‌ನಿಂದ. ಹನ್ನೆರಡಕ್ಕೆ ಹನ್ನೆರಡು ಗೆದ್ದ ತಂಡವೂ ಆ ಮೂರು ದಿನದಲ್ಲಿ ಒಮ್ಮೆ ಎಡವಿದರೆ ಮನೆಗೆ. ಹಿಂದಿನ ವರ್ಷ ಅದೇ ತಂಡ 27 ಪಂದ್ಯ ಆಡಿ 27 ಗೆದ್ದಿತ್ತು. ಶಿಸ್ತುಕ್ರಮದ ನಿಷೇಧವಿದ್ದುದರಿಂದ ರಾಷ್ಟ್ರೀಯ ಪಂದ್ಯಾವಳಿಯ ಮೆಟ್ಟಿಲನ್ನೂ ಹತ್ತಿರಲಿಲ್ಲ.

ಮಾರ್ಚ್ 9ರ ರಾತ್ರಿ ಗ್ರೀನ್ಸ್‌ಬರೋದಲ್ಲಿ ಫೈನಲ್. ಎದುರಿಗೆ ಮೇರಿಲ್ಯಾಂಡ್. ದೇಶದ ಅತಿ ಬಲಿಷ್ಠ ತಂಡಗಳ ಸಾಲಿನಲ್ಲಿ ಆಗ ಅದೂ ಇತ್ತು. ಟಾಮ್ ಮೆಕ್‌ಮಿಲನ್, ಲೆನ್ ಎಲ್ಮೋರ್, ಜಾನ್ ಲೂಕಸ್ ಆಡುತ್ತಿದ್ದ ಕಾಲ. (ಮೆಕ್‌ಮಿಲನ್ ಮುಂದೆ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ಗೆ ಹೋದರು, ಆಮೇಲೆ ಅಮೆರಿಕದ ಸಂಸತ್ತಿಗೆ. ಆಟಗಾರರ ಮುಂದಿನ ಬದುಕು ನನಗೆ ಆಟದಷ್ಟೇ ರುಚಿ.) ನಿಗದಿತ ಸಮಯದಲ್ಲಿ ಪಂದ್ಯ ಸಮ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಡ್ರಾ ಇಲ್ಲ. ಐದು ನಿಮಿಷ ಹೆಚ್ಚುವರಿ, ಆಗಲೂ ಸಮವಾದರೆ ಮತ್ತೆ ಐದು. ಮೊದಲ ಹೆಚ್ಚುವರಿ ಅವಧಿಯಲ್ಲೇ ತೀರ್ಮಾನವಾಯಿತು: 103-100. ಟಾಮ್ ಬರ್ಲ್‌ಸನ್ ಎಂಬ ಏಳಡಿ ಮೀರಿದ ಆಟಗಾರ ಒಬ್ಬನೇ 38 ಅಂಕ ಹಾಕಿದ್ದ.

ಸೋತ ಮೇರಿಲ್ಯಾಂಡ್ ಎಲ್ಲಿಗೂ ಹೋಗಲಿಲ್ಲ. ಆ ವರ್ಷ ರಾಷ್ಟ್ರೀಯ ಪಂದ್ಯಾವಳಿಯಲ್ಲಿ 25 ತಂಡಗಳಿದ್ದವು. ಮೇರಿಲ್ಯಾಂಡ್‌ಗಿಂತ ಎಷ್ಟೋ ಬಡವಾದ ತಂಡಗಳು ತಮ್ಮ ತಮ್ಮ ಸಣ್ಣ ಕೂಟಗಳಲ್ಲಿ ಮೊದಲಿಗರಾಗಿ ಒಳಗೆ ಬಂದಿದ್ದವು. ಇನ್ನೊಂದು ಪಂದ್ಯಾವಳಿಯ ಆಹ್ವಾನ ಬಂತು. ಮೇರಿಲ್ಯಾಂಡ್ ಒಲ್ಲೆ ಎಂದಿತು. ಎರಡು ವಾರದ ಮೇಲೆ, ಮಾರ್ಚ್ 23ರಂದು, ಅದೇ ಊರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಎರಡನೇ ಹೆಚ್ಚುವರಿ ಅವಧಿಯಲ್ಲಿ ಏಳು ಅಂಕ ಹಿಂದೆ ಬಿದ್ದಿದ್ದರೂ ಎದ್ದು ಬಂದು ಯುಸಿಎಲ್‌ಎಯನ್ನು 80-77ರಿಂದ ಸೋಲಿಸಿತು. ಆ ಸೀಸನ್ನಿನಲ್ಲಿ ಅದು ಸೋತದ್ದು ಒಂದೇ ಪಂದ್ಯ, ಡಿಸೆಂಬರಿನಲ್ಲಿ, ಇದೇ ಯುಸಿಎಲ್‌ಎ ಎದುರು.

ಇನ್ನು ಬೆಂಗಳೂರಿಗೆ ಬರೋಣ. ರಣಜಿ ಟ್ರೋಫಿಗೂ ಕಾನ್ಫರೆನ್ಸ್‌ಗಳಿದ್ದವು. ನಾವು ಅವನ್ನು ವಲಯ ಎಂದೆವು. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಮಧ್ಯ. 1934ರ ನವೆಂಬರ್ 4ರಂದು ಟ್ರೋಫಿಯ ಮೊಟ್ಟಮೊದಲ ಪಂದ್ಯ ಮದ್ರಾಸಿನಲ್ಲಿ ನಡೆದದ್ದು ಮದ್ರಾಸ್ ಮತ್ತು ಮೈಸೂರು ನಡುವೆ. ಒಂದೇ ದಿನದಲ್ಲಿ ಮುಗಿದ ಆ ಪಂದ್ಯದಲ್ಲಿ ಮೈಸೂರು 48ಕ್ಕೆ, ಮತ್ತೆ 59ಕ್ಕೆ ಆಲೌಟ್. ಮೊದಲ ದಶಕಗಳಲ್ಲಿ ವಲಯದೊಳಗೂ ನಾಕೌಟೇ; 1957-58ರಿಂದ ವಲಯದ ಒಳಗೆ ಲೀಗ್ ಬಂತು, ಅಂದರೆ ಅಂಕಪಟ್ಟಿ ಬಂತು. ಆದರೆ ಬಾಗಿಲು ಒಂದೇ. ವಲಯದ ಮೊದಲಿಗ ಮಾತ್ರ ಮುಂದೆ.

ದಕ್ಷಿಣ ವಲಯದಲ್ಲಿದ್ದವರು ಮದ್ರಾಸ್, ಹೈದರಾಬಾದ್, ಮೈಸೂರು, ಆಂಧ್ರ, ಕೇರಳ. ಇದರಲ್ಲಿ ಮೊದಲ ಮೂರು, ದೇಶದ ಯಾವ ತಂಡದೊಂದಿಗೂ ಸಮಸಮ ನಿಲ್ಲಬಲ್ಲವು. ಅರವತ್ತರ ದಶಕದ ಮೈಸೂರಿಗೆ ಪ್ರಸನ್ನ ಇದ್ದರು, ಚಂದ್ರಶೇಖರ್ ಬಂದರು, 1967ರಲ್ಲಿ ಭದ್ರಾವತಿಯ ಹುಡುಗ ವಿಶ್ವನಾಥ್ ಮೊದಲ ಪಂದ್ಯದಲ್ಲೇ ಆಂಧ್ರದ ಮೇಲೆ 230 ಹೊಡೆದರು. ಇಂಥ ತಂಡವೂ ಮದ್ರಾಸ್ ಅಥವಾ ಹೈದರಾಬಾದಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತ ವರ್ಷ ದೇಶದ ಮಟ್ಟಿಗೆ ಇಲ್ಲವೇ ಇಲ್ಲ ಎಂಬಂತಾಗುತ್ತಿತ್ತು. ಬಾಂಬೆಯ 15 ಪ್ರಶಸ್ತಿಗಳ ಕಥೆ ಹೇಳುವಾಗ ಬಾಂಬೆಯ ಬ್ಯಾಟಿಂಗ್, ಬಾಂಬೆಯ ಮೈದಾನಗಳು, ಬಾಂಬೆಯ ಜಿಗುಟುತನ ಎಲ್ಲವೂ ಬರುತ್ತವೆ. ನಿಯಮದ ಮಾತು ಬರುವುದಿಲ್ಲ. ಬಲಿಷ್ಠರು ಒಂದೇ ವಲಯದಲ್ಲಿ ಒಬ್ಬರನ್ನೊಬ್ಬರು ತಿಂದು ಮುಗಿಸುತ್ತಿದ್ದ ವ್ಯವಸ್ಥೆ ಬಾಂಬೆಗೆ ಎಷ್ಟು ಅನುಕೂಲವಾಗಿರಬಹುದು ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಬೇಕು. ನಾನಂತೂ ಕೇಳುತ್ತಿದ್ದೇನೆ.

1970-71ರಲ್ಲಿ ನಿಯಮ ಬದಲಾಯಿತು. ಪ್ರತಿ ವಲಯದಿಂದ ಮೊದಲ ಇಬ್ಬರು, ಒಟ್ಟು ಹತ್ತು ತಂಡ, ನಾಕೌಟಿಗೆ. ಎರಡನೆಯವರಿಗೂ ಬಾಗಿಲು ತೆರೆಯಿತು. ಬಾಂಬೆಯ ಸರಪಳಿ ಅದರ ಮರುದಿನವೇ ಏನೂ ಕಡಿಯಲಿಲ್ಲ. ಇನ್ನೂ ಮೂರು ಸಲ ಅವರೇ ಗೆದ್ದರು. ನಾಲ್ಕನೇ ಸಲ ಆಗಲಿಲ್ಲ.

ಆ ಸೆಮಿಫೈನಲ್ಲಿನ ಅಂಕಿ ಅಂಶ ಕ್ರಿಕೆಟ್ ಪ್ರಿಯರಿಗೆ ಬಾಯಿಪಾಠ. ಕರ್ನಾಟಕ 385, ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಗಾವಸ್ಕರ್ ವಿಕೆಟ್ಟನ್ನು ನಾಯಕ ಪ್ರಸನ್ನ ಉರುಳಿಸಿದರು. ಅಜಿತ್ ವಾಡೇಕರ್ 62ಕ್ಕೆ ತಲುಪಿದ್ದಾಗ ಓಟದ ನಡುವೆ ಜಾರಿ ರನೌಟಾದರು. ಬಾಂಬೆ 307. ಮುನ್ನಡೆ 78 ರನ್. ದಾಖಲೆಯ ಪ್ರಕಾರ ಪಂದ್ಯ ಡ್ರಾ. ಗ್ರೀನ್ಸ್‌ಬರೋದಲ್ಲಿ ಯಾರಾದರೊಬ್ಬರು ಸೋಲುವ ತನಕ ಗಡಿಯಾರವನ್ನು ಮತ್ತೆ ಮತ್ತೆ ಓಡಿಸಿದರು. ನಾವು ಮೊದಲ ಇನಿಂಗ್ಸಿನ ಲೆಕ್ಕ ತೆಗೆದು, ಯಾರೂ ಸೋಲದ ಪಂದ್ಯದಲ್ಲಿ ಒಬ್ಬರನ್ನು ಮುಂದೆ ಕಳಿಸಿದೆವು. ಆ ಲೆಕ್ಕದ ಬುದ್ಧಿ ಈಗಲೂ ರಣಜಿಯ ಅಂಕಪಟ್ಟಿಯಲ್ಲಿದೆ. ಪೂರ್ಣ ಗೆಲುವಿಗೆ 6, ಇನಿಂಗ್ಸ್ ಅಥವಾ ಹತ್ತು ವಿಕೆಟ್ ಗೆಲುವಿಗೆ ಇನ್ನೊಂದು, ಡ್ರಾದಲ್ಲಿ ಮುನ್ನಡೆ ಪಡೆದವರಿಗೆ 3, ಬಿಟ್ಟುಕೊಟ್ಟವರಿಗೆ 1. ಹೀಗಾಗಿ ಕೊನೆಯ ಸುತ್ತಿನಲ್ಲಿ ಒಂದು ತಂಡ ಗೆಲ್ಲಲು ಆಡುತ್ತಿದೆಯೋ, ಮೂರು ಅಂಕಕ್ಕಾಗಿ ಕೂತಿದೆಯೋ ಎಂದು ನೋಡುಗರಿಗೆ ಎರಡನೇ ದಿನವೇ ಗೊತ್ತಾಗಿಬಿಡುತ್ತದೆ. ನನಗೆ ಈ ಕೂತು ಆಡುವುದು ಬೇಸರ ತರಿಸುವುದಿಲ್ಲ. ಬ್ಯಾಟ್ ಹಿಡಿದವನ ತಲೆಯಲ್ಲಿ ಇನ್ನೊಂದು ಊರಿನ ಪಂದ್ಯದ ಸ್ಕೋರು ಓಡುತ್ತಿರುತ್ತದೆ, ಅದನ್ನು ನೋಡುವುದೇ ಒಂದು ಸುಖ.

ಧಾರವಾಡದಲ್ಲಿ ಕೂತು ಈ ಪಂದ್ಯವನ್ನು ಓದುವಾಗ ಬೇರೆಯೇ ಒಂದು ಎಳೆ ಕೈಗೆ ಸಿಗುತ್ತದೆ. ನನ್ನ ಸಂಶೋಧನೆ ಮುಂಬೈ ಕರ್ನಾಟಕದ ಆಡಳಿತದ ಗಡಿಗಳ ಬಗ್ಗೆ. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಇದ್ದದ್ದು ಮುಂಬೈ ಆಡಳಿತದಲ್ಲಿ. ಇಲ್ಲಿಯ ವಿದ್ಯಾವರ್ಧಕ ಸಂಘ 1890ರಿಂದ ಕನ್ನಡದ ಕೆಲಸ ಮಾಡಿತ್ತು. 1953ರಲ್ಲಿ ಹುಬ್ಬಳ್ಳಿ ಪಕ್ಕದ ಅದರಗುಂಚಿಯ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕೂತಿದ್ದರು. ರಾಜ್ಯ ಸಿಕ್ಕಿತು, ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು. ಕರ್ನಾಟಕ ಎಂಬ ಹೆಸರು ಬರಲು 1973ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಆ ಸೆಮಿಫೈನಲ್ ನಡೆಯುವಾಗ ಹೆಸರಿಗೆ ಐದು ತಿಂಗಳೂ ತುಂಬಿರಲಿಲ್ಲ. ಆ ಹೆಸರಿನಲ್ಲಿ ಆಡಿದ ಮೊದಲ ಸೀಸನ್ನಿನಲ್ಲೇ ಬಾಂಬೆಯನ್ನು ದಾಟಿ, ಜೈಪುರದಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ ಟ್ರೋಫಿ ತಂದರು. ತಂಡದ ದೊಡ್ಡ ಹೆಸರುಗಳೆಲ್ಲ ಹಳೇ ಮೈಸೂರು ಸೀಮೆಯ ಕಡೆಯವು, ನಿಜ. ಆದರೂ ಮುಂಬೈ ಪ್ರಾಂತ್ಯದಲ್ಲಿ ಹುಟ್ಟಿ, ಮೈಸೂರು ರಾಜ್ಯದಲ್ಲಿ ನೌಕರಿ ಮಾಡಿ, ಕರ್ನಾಟಕದಲ್ಲಿ ನಿವೃತ್ತರಾದ ಧಾರವಾಡದ ಒಬ್ಬ ಮಾಸ್ತರರನ್ನು ಕಲ್ಪಿಸಿಕೊಳ್ಳಿ. ಅವರಿಗೆ ರೇಡಿಯೋದಲ್ಲಿ ‘ಕರ್ನಾಟಕ 385, ಬಾಂಬೆ 307’ ಎಂಬುದು ಬರೀ ಸ್ಕೋರಾಗಿ ಕೇಳಿಸಿರಲಾರದು.

ವಲಯದ ಗೆರೆ ಎಳೆಯುವವರು ಆಟಗಾರರಲ್ಲ. ಈ ಗೆರೆಗಳು ರಾಜ್ಯದ ಒಳಗೂ ಇವೆ: ರಾಜ್ಯ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯದ ಹುಡುಗ ಬೆಂಗಳೂರಿನ ಆಯ್ಕೆದಾರರ ಕಣ್ಣಿಗೆ ಬೀಳಬೇಕಾದರೆ ಮೊದಲು ಇಲ್ಲಿಯ ಪಟ್ಟಿಯ ತುದಿಗೆ ಹತ್ತಬೇಕು. ಗದಗಿನ ಸುನಿಲ್ ಜೋಶಿ ಬೆಳಗಿನ ಜಾವ ಹುಬ್ಬಳ್ಳಿಗೆ ಬಂದು ಅಭ್ಯಾಸ ಮುಗಿಸಿ ಮತ್ತೆ ಗದಗಿನ ಶಾಲೆಗೆ ಓಡುತ್ತಿದ್ದರಂತೆ. 1995-96ರ ರಣಜಿಯಲ್ಲಿ ಅವರು 529 ರನ್, 52 ವಿಕೆಟ್ ಗಳಿಸಿದರು, ಕರ್ನಾಟಕ ಗೆದ್ದಿತು. ಪ್ರತಿ ವಲಯದಿಂದ ಮೂರು ತಂಡ ಮುಂದೆ ಹೋಗುತ್ತಿದ್ದ ಕಾಲ ಅದು. 1992-93ರಲ್ಲಿ ಬಾಗಿಲನ್ನು ಇನ್ನಷ್ಟು ಅಗಲ ಮಾಡಿದ್ದರು. 2002-03ರಲ್ಲಿ ವಲಯಗಳನ್ನೇ ಕೈಬಿಟ್ಟು, ತಂಡಗಳನ್ನು ಎಲೈಟ್, ಪ್ಲೇಟ್ ಎಂದು ವಿಂಗಡಿಸಿದರು.

ಅಮೆರಿಕದವರು ಮೇರಿಲ್ಯಾಂಡಿನ ಸೋಲನ್ನು ಅರಗಿಸಿಕೊಳ್ಳಲು ಒಂದು ವರ್ಷವೂ ತೆಗೆದುಕೊಳ್ಳಲಿಲ್ಲ. 1975ರಲ್ಲಿ ರಾಷ್ಟ್ರೀಯ ಪಂದ್ಯಾವಳಿಯನ್ನು 32 ತಂಡಗಳಿಗೆ ಹಿಗ್ಗಿಸಿ, ಒಂದು ಕಾನ್ಫರೆನ್ಸಿನಿಂದ ಇಬ್ಬರು ಬರಬಹುದು ಎಂದರು. ಆ ವರ್ಷ ಲೀಗಿನಲ್ಲಿ ಮೇರಿಲ್ಯಾಂಡೇ ಮೊದಲು, 12ರಲ್ಲಿ 10 ಗೆಲುವು. ಮೂರು ದಿನದ ನಾಕೌಟಿನಲ್ಲಿ ಮತ್ತೆ ಸೋತರು. ಗೆದ್ದದ್ದು ಚಾಪೆಲ್ ಹಿಲ್‌ನವರು. ಈ ಸಲ ಮೇರಿಲ್ಯಾಂಡ್ ಎರಡನೇ ತಂಡವಾಗಿ ಒಳಗೆ ಬಂದು, ಕೊನೆಯ ಎಂಟರವರೆಗೆ ಹೋಯಿತು. ಅದೇ 1974-75ರಲ್ಲಿ ಕರ್ನಾಟಕ ಮತ್ತೆ ರಣಜಿ ಫೈನಲ್ ತಲುಪಿತು. ಎದುರಿಗಿದ್ದದ್ದು ಬಾಂಬೆ. ಬಾಂಬೆ ಗೆದ್ದಿತು, ಆಮೇಲೆ ಇನ್ನೂ ಎರಡು ವರ್ಷ ಟ್ರೋಫಿಯನ್ನು ಬಿಟ್ಟುಕೊಡಲಿಲ್ಲ.