ಸರ್ವರ್ ಗಣಕದ ಆಯುಷ್ಯ
ಕಚೇರಿ, ಉದ್ಯಮಗಳ ದತ್ತಾಂಶವನ್ನು ಹಗಲಿರುಳು ಒದಗಿಸುವ ಸರ್ವರ್ ಗಣಕವು ನಂಬಿಕೆಗೆ ಅರ್ಹವಾಗಿ ದುಡಿಯುವ ಅವಧಿ. ರೂಢಿಯಲ್ಲಿ 3ರಿಂದ 5 ವರ್ಷ. ಕಂಪನಿ ಕಾಯ್ದೆ, 2013ರ 2ನೆಯ ಅನುಸೂಚಿ ಸವಕಳಿ ಲೆಕ್ಕಕ್ಕೆ 6 ವರ್ಷ ಹಿಡಿಯುತ್ತದೆ. ಹಾರ್ಡ್ ಡಿಸ್ಕ್, ಫ್ಯಾನುಗಳಂಥ ತಿರುಗುವ ಭಾಗಗಳು, ಪವರ್ ಸಪ್ಲೈ, ಬ್ಯಾಟರಿ ಬೇಗ ಸವೆಯುತ್ತವೆ. ಉತ್ತರ ಕನ್ನಡ ಜಿಲ್ಲೆಯ ಸೂಪಾ ಸೀಮೆಯಂಥ ಮಳೆಕಾಡಿನ ತೇವ, ವಿದ್ಯುತ್ತಿನ ಏರಿಳಿತ ಸವೆತವನ್ನು ಹೆಚ್ಚಿಸುತ್ತವೆ. ಯಂತ್ರ ಕೆಡುವ ತನಕ ಕಾಯುವುದು ಅಪಾಯಕರ: ವಾರಂಟಿ ತೀರಿದಾಗ, ಬಿಡಿಭಾಗ ಸಿಗದಾದಾಗ, ಮುಖ್ಯವಾಗಿ ಕಾರ್ಯಾಚರಣ ತಂತ್ರಾಂಶಕ್ಕೆ ಭದ್ರತಾ ಪರಿಷ್ಕರಣೆ ನಿಂತಾಗ ಬದಲಿಸಬೇಕು. ಸರ್ವರ್ ಇಡುವ ಜಾಗವೂ ಬದಲಾಗುವುದುಂಟು: 2000ದ ಸುಮಾರಿಗೆ ಭೂದಾಖಲೆ ಗಣಕೀಕರಣದ ‘ಭೂಮಿ’ ಯೋಜನೆಯಡಿ ಹಳಿಯಾಳ, ಮುಂಡಗೋಡ, ಜೋಯಿಡಾ ಸೇರಿ ರಾಜ್ಯದ ತಾಲೂಕು ಕಚೇರಿಗಳಲ್ಲೇ ಪಹಣಿ ಗಣಕಗಳಿದ್ದವು. ಮುಂದೆ ದತ್ತಾಂಶ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಕೇಂದ್ರೀಕೃತವಾಯಿತು. ಹಳೆಯ ಯಂತ್ರಗಳ ವಿಲೇವಾರಿಗೆ 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳು ಅನ್ವಯಿಸುತ್ತವೆ.