ರೆಡ್ ವೈನ್ ಹೃದಯಕ್ಕೆ ಒಳ್ಳೆಯದೇ? ಮೊದಲ ಸಲ ಬಾಟಲಿ ಕೊಳ್ಳುವವರು ತಿಳಿದಿರಬೇಕಾದ ಸಂಗತಿಗಳು

"ದಿನಕ್ಕೊಂದು ಗ್ಲಾಸ್ ರೆಡ್ ವೈನ್ ಕುಡಿದರೆ ಹೃದಯಾಘಾತ ಆಗುವುದಿಲ್ಲ", "ವೈನ್ ಮದ್ಯವಲ್ಲ, ದ್ರಾಕ್ಷಿ ರಸ", "ರಕ್ತ ಹೆಚ್ಚುತ್ತದೆ, ಮೈ ಬಣ್ಣ ಬರುತ್ತದೆ". ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಬಿಯರ್, ವಿಸ್ಕಿ ಮುಟ್ಟದವರೂ ಇವನ್ನು ನಂಬಿ ಆರೋಗ್ಯಕ್ಕೆಂದು ವೈನ್ ಬಾಟಲಿ ತರುವುದುಂಟು. ಈ ಮಾತುಗಳಲ್ಲಿ ನಿಜವೆಷ್ಟು? ವೈನ್ ರುಚಿ ನೋಡಬೇಕೆಂದು ಈಗಾಗಲೇ ತೀರ್ಮಾನಿಸಿದ ವಯಸ್ಕರು ಅಂಗಡಿಯಲ್ಲಿ ಏನು ನೋಡಿ ಆರಿಸಬೇಕು? ಒಂದೊಂದಾಗಿ ನೋಡೋಣ.

ವೈನ್ ಕೆಂಪಾಗುವುದು ಹೇಗೆ?

ಕಪ್ಪು ದ್ರಾಕ್ಷಿಯನ್ನು ಹಿಸುಕಿ ನೋಡಿ. ಹೆಚ್ಚಿನ ತಳಿಗಳಲ್ಲಿ ಒಳಗಿನ ರಸಕ್ಕೆ ಬಣ್ಣವೇ ಇರುವುದಿಲ್ಲ. ಬಣ್ಣ ಇರುವುದು ಸಿಪ್ಪೆಯಲ್ಲಿ. ರಸವನ್ನು ಸಿಪ್ಪೆಯ ಜೊತೆಯಲ್ಲೇ ಹುದುಗಲು ಬಿಟ್ಟರೆ ಆಂಥೋಸಯನಿನ್ ಎಂಬ ವರ್ಣದ್ರವ್ಯ ಇಳಿದು ರೆಡ್ ವೈನ್ ಆಗುತ್ತದೆ. ಸಿಪ್ಪೆ ತೆಗೆದು ಹುದುಗಿಸಿದರೆ ವೈಟ್ ವೈನ್. ಹುದುಗುವಾಗ ಯೀಸ್ಟ್ ದ್ರಾಕ್ಷಿಯ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ವಿಸ್ಕಿ, ಬಿಯರ್‌ನಲ್ಲಿರುವುದೂ ಇದೇ ಎಥೆನಾಲ್. ಆದ್ದರಿಂದ "ವೈನ್ ಮದ್ಯವಲ್ಲ" ಎಂಬುದು ತಪ್ಪು.

ಸಿಪ್ಪೆ ಮತ್ತು ಬೀಜದಿಂದ ಇಳಿಯುವ ಇನ್ನೊಂದು ವಸ್ತು ಟ್ಯಾನಿನ್. ನೇರಳೆ ಹಣ್ಣು ತಿಂದಾಗ, ಹಸಿ ಅಡಿಕೆ ಅಗಿದಾಗ ನಾಲಿಗೆ ಒಣಗಿ ಬಿಗಿದಂತಾಗುತ್ತದಲ್ಲ, ಆ ಒಗರೇ ಟ್ಯಾನಿನ್‌ನ ಗುಣ. ಜೊಲ್ಲಿನಲ್ಲಿರುವ ಪ್ರೋಟೀನ್‌ಗೆ ಅದು ಅಂಟಿಕೊಳ್ಳುವುದರಿಂದ ಬಾಯಿ ಒಣಗಿದ ಹಾಗಾಗುತ್ತದೆ. ಮೊದಲ ಸಲ ಕುಡಿದವರು "ಇದೇನು ಇಷ್ಟು ಒಗರು!" ಎಂದು ಮುಖ ಸಿಂಡರಿಸುವುದು ಇದಕ್ಕೇ.

"ಹೃದಯಕ್ಕೆ ಒಳ್ಳೆಯದು" ಎಂಬ ಮಾತು ಬಂದದ್ದು ಎಲ್ಲಿಂದ?

ಫ್ರಾನ್ಸಿನ ಜನ ಬೆಣ್ಣೆ, ಚೀಸ್ ಹೆಚ್ಚಾಗಿ ತಿಂದರೂ ಅಲ್ಲಿ ಹೃದ್ರೋಗದ ಸಾವು ಕಡಿಮೆ ಎಂಬ ಅಂಕಿಅಂಶ ಹಿಂದಿನಿಂದಲೂ ಚರ್ಚೆಯಲ್ಲಿತ್ತು. 1991ರಲ್ಲಿ ಅಮೆರಿಕದ "60 ಮಿನಿಟ್ಸ್" ಟಿವಿ ಕಾರ್ಯಕ್ರಮದಲ್ಲಿ ಫ್ರೆಂಚ್ ವಿಜ್ಞಾನಿ ಸರ್ಜ್ ರೆನೋ ಇದಕ್ಕೆ ವೈನ್ ಕಾರಣವಿರಬಹುದು ಎಂದರು. ಆ ಮಾತು ಜಗತ್ತಿಗೆಲ್ಲ ಹರಡಿತು, ಅಮೆರಿಕದಲ್ಲಿ ರೆಡ್ ವೈನ್ ಮಾರಾಟವೂ ಏರಿತು.

ಆನಂತರ ಈ ವಾದದ ಕಾಲುಗಳು ಒಂದೊಂದಾಗಿ ಅಲುಗಾಡಿದವು. ಹಳೆಯ ಅಧ್ಯಯನಗಳು ಸ್ವಲ್ಪ ಕುಡಿಯುವವರನ್ನು ಕುಡಿಯದವರ ಜೊತೆ ಹೋಲಿಸುತ್ತಿದ್ದವು. ಆದರೆ "ಕುಡಿಯದವರ" ಗುಂಪಿನಲ್ಲಿ ಕಾಯಿಲೆ ಬಂದ ಮೇಲೆ ಕುಡಿತ ಬಿಟ್ಟವರೂ ಸೇರಿದ್ದರು. ಅವರ ಆರೋಗ್ಯ ಮೊದಲೇ ಕೆಟ್ಟಿದ್ದರಿಂದ, ಹೋಲಿಕೆಯಲ್ಲಿ ಮಿತವಾಗಿ ಕುಡಿಯುವವರು ಆರೋಗ್ಯವಂತರಂತೆ ಕಂಡರು. ಜೊತೆಗೆ, ಊಟದೊಡನೆ ಸ್ವಲ್ಪ ವೈನ್ ಕುಡಿಯುವವರಲ್ಲಿ ಹಲವರು ಅನುಕೂಲಸ್ಥರು. ಒಳ್ಳೆಯ ಆಹಾರ, ವ್ಯಾಯಾಮ, ವೈದ್ಯಕೀಯ ಸೌಲಭ್ಯ ಇದ್ದವರು. ಲಾಭ ಬಂದದ್ದು ಯಾವುದರಿಂದ ಎಂದು ಬಿಡಿಸಿ ಹೇಳುವುದು ಕಷ್ಟ.

ರೆಸ್ವೆರಟ್ರಾಲ್ ಎಂಬ ವಸ್ತುವಿನ ಹೆಸರನ್ನೂ ನೀವು ಕೇಳಿರಬಹುದು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಅದನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಕೊಡಲಾಗಿತ್ತು. ಒಂದು ಲೀಟರ್ ವೈನ್‌ನಲ್ಲಿ ಅದು ಇರುವುದು ಕೆಲವೇ ಮಿಲಿಗ್ರಾಂ. ಇಟಲಿಯ ಟಸ್ಕನಿ ಪ್ರದೇಶದ 65 ದಾಟಿದ 783 ಜನರನ್ನು ಸುಮಾರು 9 ವರ್ಷ ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದೇಹಕ್ಕೆ ರೆಸ್ವೆರಟ್ರಾಲ್ ಹೆಚ್ಚು ಸೇರಿದವರಲ್ಲಿ ಹೃದ್ರೋಗವಾಗಲಿ, ಕ್ಯಾನ್ಸರ್ ಆಗಲಿ, ಸಾವಾಗಲಿ ಕಡಿಮೆ ಇದ್ದದ್ದು ಅದರಲ್ಲಿ ಕಾಣಲಿಲ್ಲ.

ಇನ್ನೊಂದು ಕಡೆ ಅಪಾಯ ಸ್ಪಷ್ಟವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ವರ್ಗದ ವಸ್ತುಗಳ ಪಟ್ಟಿಗೆ ಸೇರಿಸಿದೆ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಹಾಗಾಗಿ ಕುಡಿಯದವರು ಹೃದಯದ ನೆಪದಲ್ಲಿ ಶುರು ಮಾಡುವ ಅಗತ್ಯವಿಲ್ಲ.

ವೈನ್ "ಲೈಟ್" ಅಲ್ಲ, ಲೆಕ್ಕ ಹಾಕಿ ನೋಡಿ

ರೆಡ್ ವೈನ್‌ನಲ್ಲಿ ಸಾಮಾನ್ಯವಾಗಿ ಶೇ. 12ರಿಂದ 15ರಷ್ಟು ಆಲ್ಕೋಹಾಲ್ ಇರುತ್ತದೆ. ಶೇ. 13ರ ವೈನ್ 150 ಮಿ.ಲೀ. ಗ್ಲಾಸ್ ಒಂದರಲ್ಲಿ ಸುಮಾರು 15 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ. ನಮ್ಮಲ್ಲಿ ಸಿಗುವ ಶೇ. 42.8ರ ವಿಸ್ಕಿಯ 30 ಮಿ.ಲೀ. ಪೆಗ್‌ನಲ್ಲಿ ಇರುವುದು ಸುಮಾರು 10 ಗ್ರಾಂ. 750 ಮಿ.ಲೀ.ಯ ಇಡೀ ವೈನ್ ಬಾಟಲಿಯಲ್ಲಿ ಸುಮಾರು 77 ಗ್ರಾಂ. ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 61 ಗ್ರಾಂ. "ಬರೀ ವೈನ್ ತಾನೇ" ಎಂದು ಬಾಟಲಿ ಮುಗಿಸಿದವರು ಕ್ವಾರ್ಟರ್‌ಗಿಂತ ಹೆಚ್ಚೇ ಕುಡಿದಿರುತ್ತಾರೆ. ಬೈಕ್, ಕಾರಿನ ಕೀ ಮುಟ್ಟುವ ಮುನ್ನ ಇದು ನೆನಪಿರಲಿ.

ಅಂಗಡಿಯಲ್ಲಿ ಏನು ನೋಡಬೇಕು?

ಮೊದಲು ದ್ರಾಕ್ಷಿ ತಳಿಯ ಹೆಸರು. ಭಾರತ, ಆಸ್ಟ್ರೇಲಿಯಾ, ಚಿಲಿಯ ಬಾಟಲಿಗಳಲ್ಲಿ ತಳಿಯನ್ನೇ ದೊಡ್ಡದಾಗಿ ಬರೆದಿರುತ್ತಾರೆ.

• ಪಿನೋ ನ್ವಾರ್: ತಿಳಿ ಬಣ್ಣ, ಕಡಿಮೆ ಒಗರು.
• ಮೆರ್ಲೋ: ಮೃದು, ಮಧ್ಯಮ ಒಗರು. ಹೊಸಬರಿಗೆ ಸುಲಭ.
• ಜಿನ್ಫಂಡೆಲ್: ಹಣ್ಣಿನ ಪರಿಮಳ ಹೆಚ್ಚು.
• ಶಿರಾಜ್: ಗಾಢ ಬಣ್ಣ, ಕಾಳುಮೆಣಸಿನ ಘಮ. ಸಿರಾ ಎಂದರೂ ಇದೇ.
• ಕ್ಯಾಬರ್ನೆ ಸೋವಿನ್ಯೋನ್: ಗಟ್ಟಿ ಒಗರು. ಮೊದಲ ಬಾಟಲಿಗೆ ಬೇಡ.

ಫ್ರಾನ್ಸ್, ಇಟಲಿ, ಸ್ಪೇನ್‌ನ ಬಾಟಲಿಗಳಲ್ಲಿ ಹೆಚ್ಚಾಗಿ ಊರಿನ ಹೆಸರಿರುತ್ತದೆ. ಬೋರ್ಡೋ, ಕಿಯಾಂಟಿ, ರಿಯೋಹಾ ಇವೆಲ್ಲ ಪ್ರದೇಶಗಳು, ದ್ರಾಕ್ಷಿಯ ಹೆಸರಲ್ಲ.

ಎರಡನೆಯದು "ಡ್ರೈ" ಎಂಬ ಪದ. ಸಿಹಿಯಿಲ್ಲದ್ದು ಎಂದಷ್ಟೇ ಇದರ ಅರ್ಥ. ರೆಡ್ ವೈನ್‌ಗಳಲ್ಲಿ ಹೆಚ್ಚಿನವು ಡ್ರೈ. ದ್ರಾಕ್ಷಿ ಜ್ಯೂಸಿನ ಸಿಹಿ ನಿರೀಕ್ಷಿಸಿದವರಿಗೆ ನಿರಾಸೆಯಾಗುವುದು ಇಲ್ಲೇ. ಅಗ್ಗಕ್ಕೆ ಸಿಗುವ ಪೋರ್ಟ್ ಮಾದರಿಯ ವೈನ್‌ಗಳು ಸಾಮಾನ್ಯವಾಗಿ ಸಿಹಿ. ಸಿಹಿ ಇರುವುದರಿಂದ ಸಲೀಸಾಗಿ ಇಳಿಯುತ್ತವೆ, ಸಕ್ಕರೆಯೂ ಹೆಚ್ಚು.

ಮೂರನೆಯದು ಆಲ್ಕೋಹಾಲ್ ಶೇಕಡಾವಾರು. ಶೇ. 12 ಮತ್ತು ಶೇ. 15ರ ನಡುವೆ ವ್ಯತ್ಯಾಸ ಸಣ್ಣದಲ್ಲ. ಅದೇ ಗ್ಲಾಸಿನಲ್ಲಿ ಕಾಲು ಪಾಲು ಹೆಚ್ಚು ಆಲ್ಕೋಹಾಲ್.

ನಮ್ಮ ರಾಜ್ಯದಲ್ಲೇ ವೈನ್ ತಯಾರಾಗುತ್ತದೆ. ನಂದಿ ಬೆಟ್ಟದ ತಪ್ಪಲಲ್ಲಿ ಶಿರಾಜ್, ಕ್ಯಾಬರ್ನೆಯಂಥ ವೈನ್ ತಳಿಗಳ ತೋಟಗಳಿವೆ. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಸುತ್ತ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿ ಹೆಚ್ಚಾಗಿ ಜ್ಯೂಸ್ ಮತ್ತು ಸಿಹಿ ವೈನ್‌ಗೆ ಹೋಗುತ್ತದೆ. ಯುರೋಪಿನಲ್ಲಿ ಸೆಪ್ಟೆಂಬರ್ ಹೊತ್ತಿಗೆ ವೈನ್ ದ್ರಾಕ್ಷಿಯ ಕೊಯ್ಲಾದರೆ ನಮ್ಮಲ್ಲಿ ಮಳೆ ತಪ್ಪಿಸಿಕೊಂಡು ಬೇಸಿಗೆ ಶುರುವಾಗುವ ಮುಂಚಿನ ತಿಂಗಳುಗಳಲ್ಲಿ ನಡೆಯುತ್ತದೆ.

ಖಾರದ ಊಟದ ಜೊತೆಗಾದರೆ ಒಗರು ಮತ್ತು ಆಲ್ಕೋಹಾಲ್ ಕಡಿಮೆ ಇರುವುದನ್ನೇ ಆರಿಸಿ. ಎರಡೂ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತವೆ.

ಇನ್ನಷ್ಟು ನಂಬಿಕೆಗಳು

ದುಬಾರಿಯಾದಷ್ಟೂ ರುಚಿಯೇ? 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೆಲೆ ತಿಳಿಸದೆ ನಡೆಸಿದ 6,000ಕ್ಕೂ ಹೆಚ್ಚು ರುಚಿ ಪರೀಕ್ಷೆಗಳನ್ನು ನೋಡಿತು. ಪರಿಣತರಲ್ಲದ ಸಾಮಾನ್ಯರು ದುಬಾರಿ ವೈನ್ ಅನ್ನು ತುಸು ಕಡಿಮೆಯೇ ಮೆಚ್ಚಿದ್ದರು. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ ಒಂದೇ ವೈನ್ ಅನ್ನು 10 ಡಾಲರ್ ಎಂದೂ 90 ಡಾಲರ್ ಎಂದೂ ಹೇಳಿ ಕೊಟ್ಟಾಗ, 90ರದ್ದೇ ಚೆನ್ನಾಗಿದೆ ಎಂದರು!

ಹಳೆಯದಾದಷ್ಟೂ ಒಳ್ಳೆಯದೇ? ಕೆಲವು ವೈನ್‌ಗಳಿಗೆ ಮಾತ್ರ ಈ ಮಾತು ಸಲ್ಲುತ್ತದೆ. ಅಂಗಡಿಯ ಸಾಮಾನ್ಯ ವೈನ್‌ಗಳು ಕೆಲವೇ ವರ್ಷಗಳಲ್ಲಿ ಕುಡಿಯಲೆಂದು ಮಾಡಿದವು. ಬೀರುವಿನಲ್ಲಿ ಹತ್ತು ವರ್ಷ ಇಟ್ಟರೆ ಕೆಡುತ್ತದೆ ಅಷ್ಟೆ.

ತಿರುಗಿಸುವ ಮುಚ್ಚಳವಿದ್ದರೆ ಕಳಪೆಯೇ? ಅಲ್ಲ. ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಒಳ್ಳೆಯ ವೈನ್‌ಗಳಿಗೂ ಅದೇ ಮುಚ್ಚಳ.

ಫ್ರಿಜ್‌ನಲ್ಲಿ ಇಡಬಾರದೇ? "ರೂಮ್ ಟೆಂಪರೇಚರ್" ಎಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಮನೆಗಳಲ್ಲಿ, ಅಂದರೆ 16ರಿಂದ 18 ಡಿಗ್ರಿ. ಕಲಬುರಗಿಯ ಬೇಸಿಗೆಗೆ ಅದು ಹೊಂದುವುದಿಲ್ಲ. ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ.

ರಕ್ತ ಹೆಚ್ಚುತ್ತದೆಯೇ, ಬಣ್ಣ ಬರುತ್ತದೆಯೇ? ವೈನ್‌ನ ಕೆಂಪು ಸಿಪ್ಪೆಯ ವರ್ಣದ್ರವ್ಯ, ರಕ್ತದ ಕೆಂಪು ಹಿಮೋಗ್ಲೋಬಿನ್. ಒಂದಕ್ಕೊಂದು ಸಂಬಂಧವಿಲ್ಲ. ರಕ್ತಹೀನತೆಗೆ ಬೇಕಾದದ್ದು ವೈದ್ಯರು ಹೇಳಿದ ಕಬ್ಬಿಣಾಂಶದ ಮಾತ್ರೆ ಮತ್ತು ಸರಿಯಾದ ಆಹಾರ. ಕುಡಿದಾಗ ಮುಖ ಕೆಂಪಾಗುವುದು ರಕ್ತನಾಳ ಹಿಗ್ಗುವುದರಿಂದ, ಅದು ಕಾಂತಿಯಲ್ಲ.

ಯಾರು ಮುಟ್ಟಲೇಬಾರದು?

ಗರ್ಭಿಣಿಯರಿಗೆ ಒಂದು ಗುಟುಕೂ ಬೇಡ, ಮಗುವಿನ ಮೆದುಳಿಗೆ ಹಾನಿಯಾಗಬಹುದು. "ಮೈ ಬೆಚ್ಚಗಿರಲಿ" ಎಂದು ಬಾಣಂತಿಗೆ ಕೊಡುವುದೂ ತಪ್ಪು, ಆಲ್ಕೋಹಾಲ್ ಎದೆಹಾಲಿಗೆ ಸೇರುತ್ತದೆ. ಯಕೃತ್ತಿನ ಕಾಯಿಲೆ ಇರುವವರು, ನಿದ್ರೆ ಮಾತ್ರೆ ತೆಗೆದುಕೊಳ್ಳುವವರು, ಕುಡಿತ ಬಿಟ್ಟವರು, ಕಾನೂನಿನ ವಯಸ್ಸಾಗದವರು ದೂರವಿರಬೇಕು. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳಲ್ಲಿ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ವೈನ್‌ನಲ್ಲಿರುವ ಸಲ್ಫೈಟ್ ಕೆಲವು ಅಸ್ತಮಾ ರೋಗಿಗಳಿಗೆ ಉಬ್ಬಸ ತರುತ್ತದೆ.

ಕೊನೆಯ ಮಾತು

ರೆಡ್ ವೈನ್ ಔಷಧಿಯಲ್ಲ, ಟಾನಿಕ್ಕೂ ಅಲ್ಲ. ರುಚಿಗಾಗಿ ಕೊಳ್ಳುವವರು ಮೃದುವಾದ ತಳಿ, ಕಡಿಮೆ ಶೇಕಡಾವಾರು, ಸಾಧಾರಣ ಬೆಲೆ ನೋಡಿ ಕೊಂಡರೆ ಸಾಕು. ಹೃದಯದ ಚಿಂತೆ ಇರುವವರು ಬಿಪಿ ಪರೀಕ್ಷೆ ಮಾಡಿಸಿ, ನಡೆಯಿರಿ, ಉಪ್ಪು ಕಡಿಮೆ ಮಾಡಿ, ಬೀಡಿ ಸಿಗರೇಟು ಬಿಡಿ. ದ್ರಾಕ್ಷಿ ಬೇಕೆನಿಸಿದರೆ ತೊಳೆದು ಹಾಗೇ ತಿನ್ನಿ. "ದಿನಕ್ಕೊಂದು ಗ್ಲಾಸ್" ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ; ಅಲ್ಲಿರುವ ಹಿರಿಯರು ಅದನ್ನು ನಂಬಿ ಬಿಪಿ ಮಾತ್ರೆಯ ಬದಲು ಗ್ಲಾಸ್ ಹಿಡಿಯುವ ಮೊದಲು ಈ ಲೆಕ್ಕವನ್ನು ತಿಳಿಸಿ.